ಔಷಧಿ ಹೊಡೆದ ದಿನ

ಮೂರು ತಲೆಮಾರಿನವರು ಒಂದೇ ಸೂರಿನಡಿ ಇದ್ದೇವೆ ಎಂದು ಹೇಳಿದ ಕೂಡಲೇ ಕೇಳುವವರ ಮುಖ ಅರಳುತ್ತದೆ. ಸಂಜೆ ಜಗಲಿಯಲ್ಲಿ ಅಜ್ಜ ಕಥೆ ಹೇಳುತ್ತಾರೆ, ಮೊಮ್ಮಗ ಬಾಯಿ ಬಿಟ್ಟು ಕೇಳುತ್ತಾನೆ ಎಂಬ ಚಿತ್ರ ಅವರ ಕಣ್ಣ ಮುಂದೆ ಬರುತ್ತದೆಯೋ ಏನೋ. ಸಾಗರ ಸೀಮೆಯ ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆಯುವುದಿಲ್ಲ. ಮಾವನವರು ರಾತ್ರಿ ಎಂಟಕ್ಕೆಲ್ಲ ಊಟ ಮುಗಿಸಿ ಮಲಗುತ್ತಾರೆ. ಮಗನಿಗೆ ಆ ಹೊತ್ತಿಗೆ ಬೆಂಗಳೂರಿನ ಕಂಪನಿಯ ಮೀಟಿಂಗ್ ಆರಂಭವಾಗಿರುತ್ತದೆ. ಕೊರೋನಾ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಲು ಬಂದವನು ಹಾಗೆಯೇ ಉಳಿದುಕೊಂಡಿದ್ದಾನೆ. ಉಪದೇಶ ಮಾಡುವುದು ಅಜ್ಜನ ಸ್ವಭಾವವಲ್ಲ, ಕೇಳಿಸಿಕೊಳ್ಳುವುದು ಮೊಮ್ಮಗನ ಸ್ವಭಾವವಲ್ಲ. ಅವರಿಬ್ಬರ ನಡುವೆ ನಿಜವಾದ ಮಾತುಕತೆ ಎಂಬುದೇನಾದರೂ ನಡೆದರೆ ಅದು ತೋಟದಲ್ಲಿ, ಇಬ್ಬರ ಕೈಗಳೂ ಒಂದೇ ಕೆಲಸದಲ್ಲಿ ತೊಡಗಿರುವಾಗ ಮಾತ್ರ. ಹೋದ ಪುನರ್ವಸು ಮಳೆಯ ನಡುವೆ ಹೊಳವು ಸಿಕ್ಕ ಒಂದು ದಿನ, ಅಡಿಕೆಗೆ ಎರಡನೆಯ ಔಷಧಿ ಹೊಡೆದಾಗ ನಾನು ಅದನ್ನು ಹತ್ತಿರದಿಂದ ಕಂಡೆ.

ಅಡಿಕೆ ಬೆಳೆಯದ ಊರಿನವರಿಗಾಗಿ ಒಂದೆರಡು ಮಾತು. ಮಳೆಗಾಲದಲ್ಲಿ ಎಳೆಗಾಯಿಯ ತೊಟ್ಟಿನ ಬಳಿ ನೀರು ಹೀರಿದಂಥ ಕಲೆ ಕಾಣಿಸಿಕೊಳ್ಳುತ್ತದೆ, ಕಾಯಿ ತನ್ನ ಹೊಳಪು ಕಳೆದುಕೊಳ್ಳುತ್ತದೆ, ಅದರ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ, ನೋಡನೋಡುತ್ತಿದ್ದಂತೆ ಮರದ ಬುಡದ ತುಂಬ ಕಾಯಿ ಉದುರಿ ಬಿದ್ದಿರುತ್ತದೆ. ಇದೇ ಕೊಳೆರೋಗ. ಒಮ್ಮೆ ಹತ್ತಿದರೆ ಒಂದು ಮರದಿಂದ ಇನ್ನೊಂದಕ್ಕೆ ಹಾರುತ್ತ ವರ್ಷದ ಫಸಲನ್ನೇ ತಿಂದು ಹಾಕಬಲ್ಲುದು. ಇದನ್ನು ತಡೆಯಲು ಮಳೆ ಹಿಡಿಯುವ ಮುನ್ನ ಒಮ್ಮೆ, ಅದಾದ 40–45 ದಿನಗಳಿಗೆ ಮತ್ತೊಮ್ಮೆ ಕೊನೆಗಳಿಗೆ, ಅಂದರೆ ಅಡಿಕೆಯ ಗೊಂಚಲುಗಳಿಗೆ, ಬೋರ್ಡೋ ದ್ರಾವಣ ಸಿಂಪಡಿಸಬೇಕು. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ನೀರಿಗೆ ತುತ್ತದ ನೀರನ್ನು ಕದಡುತ್ತ ಸುರಿಯಬೇಕು. ಕೇಳಲು ಇಷ್ಟೇ. ಮೊದಲ ಔಷಧಿಗೆ ದಿನ ನೋಡಿಕೊಳ್ಳಬಹುದು. ಎರಡನೆಯದಕ್ಕೆ ಮಳೆ ಕೊಟ್ಟ ದಿನವೇ ದಿನ.

ಆ ಬಾರಿ ದ್ರಾವಣ ಮಾಡುವ ಹೊಣೆಯನ್ನು ಮಗ ತಾನಾಗಿಯೇ ವಹಿಸಿಕೊಂಡಿದ್ದ. ರಜೆ ಹಾಕಿ, ಹಿಂದಿನ ರಾತ್ರಿಯೇ ತುತ್ತವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಪ್ಲಾಸ್ಟಿಕ್ ಡ್ರಮ್ಮಿನ ನೀರಿನಲ್ಲಿ ಇಳಿಬಿಟ್ಟಿದ್ದ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ಒಯ್ದು ಗ್ರಾಮಿನ ಲೆಕ್ಕದಲ್ಲಿ ಸುಣ್ಣ ತೂಗಿದ್ದ. ಮಾವನವರು ಕಂಬಳಿಕೊಪ್ಪೆ ಹಾಕಿಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. ಅವರಿಗೆ ಈಗ ಎಂಬತ್ತು ದಾಟಿದೆ, ತೋಟಕ್ಕೆ ಇಳಿಯುವ ಸಂಕದ ಮೇಲೆ ಯಾರಾದರೂ ಕೈ ಹಿಡಿಯಬೇಕು. ಮಗ ಸುಣ್ಣದ ಬಕೆಟ್ಟಿಗೆ ನೀರು ಹಾಕಿದ ಮೇಲೆ ಅವರು ಮಾತಾಡದೆ ಬಕೆಟ್ಟಿನ ಮೇಲೆ ಅಂಗೈ ಹಿಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಿಡಿದರು. ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಅದು ಕೊತಕೊತ ಕುದಿದು ಆವಿ ಬರಬೇಕು. ಇಲ್ಲಿ ನೀರು ಉಗುರುಬೆಚ್ಚಗೂ ಆಗಿರಲಿಲ್ಲ. ಮೊದಲ ಔಷಧಿಯ ಹೊತ್ತಿಗೆ ಬಾಯಿ ಬಿಚ್ಚಿದ ಚೀಲ ಅದು. ಮಳೆಗಾಲದ ಥಂಡಿಯಲ್ಲಿ ಅಟ್ಟದ ಮೇಲೆ ಕುಳಿತು ಕಲ್ಲೆಲ್ಲ ತಾನಾಗಿಯೇ ಹುಡಿಯಾಗಿತ್ತು.

“ಈ ಸುಣ್ಣ ಸತ್ತಿದೆ” ಎಂದರು ಮಾವನವರು.

“ತೂಕ ಸರಿ ಇದೆ ಅಜ್ಜ” ಎಂದ ಮಗ.

ವಾದ ಅಷ್ಟಕ್ಕೇ ನಿಂತಿತು, ಏಕೆಂದರೆ ಇಬ್ಬರ ಬಳಿಯೂ ಪರೀಕ್ಷೆಗೆ ಒಂದೊಂದು ಸಾಧನವಿತ್ತು. ದ್ರಾವಣ ಕೂಡಿಸಿದ ಮೇಲೆ ಮಗ ಕಿಸೆಯಿಂದ ಪಿಎಚ್ ಕಾಗದದ ಪಟ್ಟಿ ತೆಗೆದ. ಮಾವನವರು “ತಮಾ, ಆ ಕತ್ತಿ ತಗಂಬಾ” ಎಂದು ಹೇಳಿ, ಅವನು ತಂದುಕೊಟ್ಟ ಕತ್ತಿಯ ಅಲಗನ್ನು ಕಲ್ಲಿಗೆ ತಿಕ್ಕಿ ಫಳಫಳ ಹೊಳೆಯಿಸಿ ದ್ರಾವಣದಲ್ಲಿ ಅದ್ದಿದರು. ನಿಮಿಷ ಕಳೆದು ತೆಗೆದಾಗ ಅಲಗಿನ ಅಂಚಿನ ಮೇಲೆ ತಾಮ್ರದ ಕೆಂಪು ಪೊರೆಯೊಂದು ತೆಳ್ಳಗೆ ಕುಳಿತಿತ್ತು. ಪಟ್ಟಿಯೂ ಹುಳಿಯ ಕಡೆಯ ಬಣ್ಣಕ್ಕೆ ತಿರುಗಿತ್ತು. ಹೀಗಿರುವ ದ್ರಾವಣವನ್ನು ಹೊಡೆದರೆ ಬಿಡಿಯಾಗಿ ಉಳಿದ ತುತ್ತ ಎಳೆಗಾಯಿಯನ್ನೇ ಸುಡುತ್ತದೆ. ಇಬ್ಬರೂ ಸರಿ, ತಕ್ಕಡಿಯೊಂದೇ ತಪ್ಪು ಎಂಬುದು ಆ ಕ್ಷಣದಲ್ಲಿ ನನಗೆ ಕಂಡದ್ದು.

ಆದರೆ ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ನಂತರ ನಡೆದದ್ದು. ಸುಣ್ಣ ಏಕೆ ಸಾಯುತ್ತದೆ ಎಂದು ಮಗ ಹೇಳಿದ: ಗಾಳಿಯ ತೇವಕ್ಕೆ ಅದು ಅರಳುತ್ತದೆ, ಆಮೇಲೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕುಡಿಯುತ್ತ ಕುಡಿಯುತ್ತ, ಭಟ್ಟಿಯಲ್ಲಿ ಸುಡುವ ಮುನ್ನ ಏನಾಗಿತ್ತೋ ಅದಕ್ಕೇ ಮರಳುತ್ತದೆ. ಜೀವಮಾನವಿಡೀ ಸುಣ್ಣದ ಬಿಸಿ ನೋಡಿ ಒಳ್ಳೆಯದು ಕೆಟ್ಟದ್ದನ್ನು ಹೇಳುತ್ತ ಬಂದಿದ್ದ ಮಾವನವರಿಗೆ ಅದರ ಕಾರಣವನ್ನು ಯಾರೂ ಹೇಳಿರಲಿಲ್ಲ. ಅವರು ಅದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಹೊಸ ಚೀಲದ ಸುಣ್ಣವನ್ನು ಅರಳಿಸಿ ಸ್ವಲ್ಪ ಸ್ವಲ್ಪವಾಗಿ ಸೇರಿಸಲಾಯಿತು. ಕತ್ತಿ ಕೆಂಪಾಗುವುದು ನಿಂತಿತು. ಮಾವನವರು ತಮ್ಮ ರೂಢಿಯಂತೆ “ಇನ್ನೂ ಒಂದು ಚೊಂಬು ಹಾಕು, ಇರಲಿ” ಎಂದರು. ಮಗ ಪಟ್ಟಿ ತೋರಿಸಿ ಬೇಡವೆಂದ. ಕತ್ತಿ ಸುಣ್ಣ ಕಡಿಮೆಯಾದುದನ್ನು ಮಾತ್ರ ಹೇಳುತ್ತದೆ, ಹೆಚ್ಚಾದುದನ್ನು ಹೇಳುವುದಿಲ್ಲ ಎಂದ. ಇದನ್ನು ಕೇಳಿದ ನನ್ನ ಯಜಮಾನರು ಪಂಪಿನ ಬಳಿಯಿಂದಲೇ ನಕ್ಕರು. ಪ್ರತಿ ವರ್ಷ ಹೆಚ್ಚಾದ ಸುಣ್ಣದಿಂದ ನಾಜಲ್ ಕಟ್ಟಿಕೊಂಡು, ಸೂಜಿ ಹಿಡಿದು ತೂತು ಬಿಡಿಸುತ್ತ ಅರ್ಧ ದಿನ ಕಳೆಯುತ್ತಿದ್ದವರು ಅವರು. ಆ ಕಾಟಕ್ಕೆ ಅತ್ತೆಯವರು ಕಂಡುಕೊಂಡಿದ್ದ ಪರಿಹಾರವೆಂದರೆ ಹಳೆಯ ಪಂಚೆಯನ್ನು ಎರಡು ಪದರ ಮಡಿಸಿ ಸೋಸುವುದು. ಅದನ್ನು ಈಗಲೂ ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಡ್ರಮ್ಮಿನ ಸುತ್ತ ನಿಂತಿದ್ದಾಗಲೇ ಬೋರ್ಡೋ ಎಂಬ ಹೆಸರಿನ ಮಾತು ಬಂತು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನದಿರಲೆಂದು ರೈತರು ತುತ್ತ ಸುಣ್ಣ ಬೆರೆಸಿ ಎರಚುತ್ತಿದ್ದರು. ಹಾಗೆ ಎರಚಿದ ಬಳ್ಳಿಗಳಿಗೆ ಬೂಷ್ಟುರೋಗ ತಗಲದಿದ್ದುದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿ, 1885ರಲ್ಲಿ ಅದನ್ನು ಔಷಧಿಯೆಂದು ಜಗತ್ತಿಗೆ ತಿಳಿಸಿದ. ಮಗ ಇದನ್ನು ಹೇಳಿದಾಗ ಕಳ್ಳರಿಗೆಂದು ಮಾಡಿದ ಮದ್ದು ಕೊಳೆಗೆ ನಾಟಿತೇ ಎಂದು ಮಾವನವರಿಗೆ ನಗು ತಡೆಯಲಾಗಲಿಲ್ಲ. ಅದು ನಮ್ಮ ಕಡೆಗೆ ಬಂದ ಕಥೆ ಮಾತ್ರ ಅವರಿಗೇ ಗೊತ್ತಿತ್ತು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣವನ್ನು ಶಿಫಾರಸು ಮಾಡಿದರೆಂದೂ, ಅದಕ್ಕೂ ಮೊದಲು ಕೊನೆಗಳಿಗೆ ಕೊಟ್ಟೆ (ಮಳೆ ತಾಗದಂತೆ ಹೊದಿಕೆ) ಕಟ್ಟುವುದೊಂದೇ ದಾರಿಯಾಗಿತ್ತೆಂದೂ ಅವರು ತಮ್ಮ ತಂದೆಯ ಬಾಯಿಂದ ಕೇಳಿದ್ದರು. ಊರಿನವರು ಮೊದಮೊದಲು ಈ ನೀಲಿ ನೀರನ್ನು ನಂಬಿರಲಿಲ್ಲವಂತೆ. ಮಾವನವರ ಅಜ್ಜ ತೋಟದ ಒಂದು ಮೂಲೆಗೆ ಮಾತ್ರ ಹೊಡೆಯಲು ಬಿಟ್ಟು ಉಳಿದೆಡೆ ಕೊಟ್ಟೆಯನ್ನೇ ಕಟ್ಟಿಸಿದ್ದರಂತೆ. ಇಂದು ನಾವು ಹಳೆಯ ಪದ್ಧತಿ ಎನ್ನುವುದು ಆ ಅಜ್ಜನಿಗೆ ಹೊಸ ಹುಡುಗರ ಹುಚ್ಚಾಗಿತ್ತು. ಇದನ್ನು ಮಾವನವರೇ ಹೇಳಿದರು, ನಾನು ಹೇಳಿದ್ದರೆ ಅಧಿಕಪ್ರಸಂಗವಾಗುತ್ತಿತ್ತು.

ಮರ ಹತ್ತುವ ಕೊನೆಗೌಡರು ನಮ್ಮಲ್ಲಿಗೆ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಬರುತ್ತಿರುವವರು. ಕಾಲಿಗೆ ತಳೆ ಹಾಕಿಕೊಂಡು ಒಂದು ಮರ ಹತ್ತಿದರೆ, ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಕೊಳ್ಳುತ್ತ ಮೇಲೆ ಮೇಲೆಯೇ ಸಾಲು ಮುಗಿಸಬಲ್ಲವರು. ಈಗ ಅವರ ಮೊಣಕಾಲು ಒಪ್ಪುವುದಿಲ್ಲ. ಅವರ ಮಗ ಶಿವಮೊಗ್ಗದಲ್ಲಿ ಬೇರೆ ಕೆಲಸ ಹಿಡಿದಿದ್ದಾನೆ, ಅದನ್ನು ಅವರು ಬೇಸರದಿಂದ ಹೇಳುವುದಿಲ್ಲ. ಹಾಗಾಗಿ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತು, ಕತ್ತು ಮೇಲೆತ್ತಿ, ಉದ್ದದ ದೋಟಿಯ ತುದಿಯಿಂದ ಕೊನೆಗೆ ಔಷಧಿ ಹೊಡೆಯಬಹುದು. ಮಗ ಅದನ್ನು ಚೆನ್ನಾಗಿಯೇ ನಡೆಸುತ್ತಿದ್ದ. ಕೊನೆಗೌಡರು ಸ್ವಲ್ಪ ಹೊತ್ತು ನೋಡಿ, ನೀನು ಹೊಡೆಯುತ್ತಿರುವುದು ಕೊನೆಯ ಮುಖಕ್ಕೆ, ಕೊಳೆ ಕೂರುವುದು ಬೆನ್ನಿಗೆ ಎಂದರು. ಕೊನೆ ಮರಕ್ಕೆ ಅಂಟಿಕೊಂಡಿರುವ ಒಳಮೈಯಲ್ಲಿ ನೀರು ಆರುವುದಿಲ್ಲ, ರೋಗ ಅಲ್ಲಿಂದಲೇ ಹೊರಡುತ್ತದೆ; ಕೆಳಗಿನಿಂದ ನೋಡುವವನಿಗೆ ಅದು ಕಾಣುವುದಿಲ್ಲ, ಮರದ ತುದಿಯಲ್ಲಿ ಕೊನೆಯ ಪಕ್ಕದಲ್ಲೇ ತೂಗಾಡಿದವನಿಗೆ ಗೊತ್ತು. ಅವರು ಮಗನ ಕೈಯಲ್ಲಿದ್ದ ದೋಟಿಗೆ ತಮ್ಮ ಕೈಯನ್ನೂ ಕೊಟ್ಟು, ಮರದ ಎರಡೂ ಪಕ್ಕದಿಂದ ಓರೆಯಾಗಿ ತುಂತುರು ಬೀಳುವಂತೆ ನಿಲ್ಲುವ ಜಾಗ ತೋರಿಸಿದರು. ನಂತರ ಅವರೇ ದೋಟಿ ತೆಗೆದುಕೊಂಡು ಒಂದು ಸಾಲು ಮುಗಿಸಿ, ಭಾರ ಕಡಿಮೆ ಎಂದು ಮೆಚ್ಚಿಕೊಂಡರು. ಯಾವ ಕೈಪಿಡಿಯಲ್ಲೂ ಈ ನಿಲ್ಲುವ ಜಾಗದ ಮಾತು ಇರಲಾರದು ಎಂದು ನನ್ನ ಊಹೆ.

ಮಳೆಯ ವಿಚಾರದಲ್ಲಿ ಮಾತ್ರ ಅಂದು ಫೋನೇ ಗೆದ್ದಿತು. ಹೊನ್ನಾವರದ ಕಡೆಯ ಸಮುದ್ರದಿಂದ ಮೋಡದ ಸಾಲು ಘಟ್ಟ ಏರುತ್ತಿರುವುದನ್ನು ಉಪಗ್ರಹದ ಚಿತ್ರದಲ್ಲಿ ತೋರಿಸಿ, ಮೂರು ಗಂಟೆಗೆ ಮಳೆ ಎಂದ ಮಗ. ಮಾವನವರು ಎದುರಿನ ಗುಡ್ಡದ ತಲೆ ನೋಡಿ ಸಂಜೆಯವರೆಗೆ ಚಿಂತೆಯಿಲ್ಲ ಎಂದರು. ಹೊಡೆದ ಔಷಧಿ ಒಣಗಲು ಒಂದೆರಡು ತಾಸಾದರೂ ಬೇಕಾದುದರಿಂದ ಯಜಮಾನರು ಮಗನ ಮಾತು ಕೇಳಿ, ಊಟಕ್ಕೆ ಎಲ್ಲರನ್ನೂ ತಡಮಾಡಿಸಿ, ಮೇಲಿನ ಭಾಗ ಮುಗಿಸಿಕೊಂಡರು. ಒಂದೆಲಗದ ತಂಬುಳಿ, ಅಪ್ಪೆಹುಳಿ ಎಲ್ಲ ಮಾಡಿಟ್ಟು ಕಾದು ಅತ್ತೆಯವರು ಗೊಣಗಿದರು. ಮಳೆ ಮೂರಕ್ಕೂ ಮೊದಲೇ ಬಂತು. ಅಜ್ಜ ಏನೂ ಹೇಳಲಿಲ್ಲ, ಮೊಮ್ಮಗ ಏನೂ ಕೇಳಲಿಲ್ಲ, ಮರುದಿನದಿಂದ ಬೆಳಗಿನ ಕಾಫಿಗೆ ಕೂತಾಗ “ನಿನ್ನ ಉಪಗ್ರಹ ಎಂತ ಹೇಳ್ತು?” ಎಂಬ ವಿಚಾರಣೆ ನಡೆಯುತ್ತಿದೆ.

ಈ ವಿಚಾರಣೆಯಿಂದಲೇ ಮಾವನವರ ಮಳೆಯ ಪುಸ್ತಕ ಪೆಟ್ಟಿಗೆಯಿಂದ ಹೊರಬಂತು. ದಿನದಿನದ ಮಳೆಯನ್ನು ಇಂಚಿನಲ್ಲಿ ಬರೆದು, ಪಕ್ಕದಲ್ಲಿ ‘ಹಗಲು ಬಿಸಿಲು ಇಣುಕಿತು’, ‘ಕಾವಳ’, ‘ಗಾಳಿ’ ಎಂದೆಲ್ಲ ಗುರುತು ಹಾಕಿಕೊಂಡ ನೋಟ್‌ಬುಕ್‌ಗಳು. ಮಗ ಪುಟಗಳ ಫೋಟೋ ತೆಗೆದು ಒಂದೊಂದಾಗಿ ಎಕ್ಸೆಲ್‌ಗೆ ಏರಿಸತೊಡಗಿದ. ಮೊದಲು ಅವನು ಇಂಚುಗಳನ್ನಷ್ಟೇ ಬರೆದುಕೊಂಡು, ಪಕ್ಕದ ಟಿಪ್ಪಣಿಗಳನ್ನು ಬಿಟ್ಟಿದ್ದ. ಹೆಚ್ಚು ಮಳೆ ಬಿದ್ದ ವರ್ಷವೇ ಹೆಚ್ಚು ಕೊಳೆಯೂ ಬಂದಿರಬೇಕಲ್ಲ ಎಂಬುದು ಅವನ ಎಣಿಕೆ. ಅಜ್ಜ ಅದನ್ನು ಒಪ್ಪಲಿಲ್ಲ. ಮಳೆ ಜಡಿದು ಹೊಡೆಯುವಾಗಲ್ಲ, ಮಳೆಯೂ ಬಿಸಿಲೂ ಒಂದರ ಹಿಂದೆ ಒಂದು ಆಟವಾಡುವಾಗ ಕೊಳೆ ಜೋರು ಎಂದರು. ಕೃಷಿ ವಿಜ್ಞಾನದವರು ಬರೆದಿರುವುದೂ ಇದನ್ನೇ: ಎಡೆಬಿಡದ ಮಳೆಯ ನಡುವೆ ಇಣುಕುವ ಬಿಸಿಲು, 20ರಿಂದ 23 ಡಿಗ್ರಿ ಉಷ್ಣತೆ, ಗಾಳಿಯಲ್ಲಿ ಶೇಕಡಾ 90ಕ್ಕೂ ಮಿಕ್ಕಿದ ತೇವ. ಮಗ ಮತ್ತೆ ಮೊದಲ ಪುಟದಿಂದ ಟಿಪ್ಪಣಿಗಳನ್ನು ಸೇರಿಸುತ್ತಿದ್ದಾನೆ. ಅಜ್ಜನ ಅಕ್ಷರ ಓದಲಾಗದಿದ್ದಲ್ಲಿ ನನ್ನನ್ನು ಕರೆಯುತ್ತಾನೆ; ನನಗೂ ಆಗದಿದ್ದಲ್ಲಿ ಅತ್ತೆಯವರನ್ನು.

ಹಿರಿಯರ ಅನುಭವದ ಮುಂದೆ ಯಾವುದೂ ಇಲ್ಲ ಎಂಬ ಮಾತನ್ನು ನಮ್ಮ ಕಡೆ ಸಭೆ ಸಮಾರಂಭಗಳಲ್ಲಿ ಬಹಳ ಸುಲಭವಾಗಿ ಹೇಳಿಬಿಡುತ್ತಾರೆ. ನಾನದನ್ನು ಪೂರ್ತಿ ಒಪ್ಪಲಾರೆ, ಮಾವನವರೂ ಒಪ್ಪುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕಳಸದ ಕಡೆ ತೋಟಗಳನ್ನು ಒಣಗಿಸಿದ ಎಲೆಚುಕ್ಕೆ ರೋಗ ಈಗ ನಮ್ಮ ಹೊಳೆಯಂಚಿನ ಮರಗಳಲ್ಲೂ ಕಾಣಿಸಿದೆ. ಸೋಗೆಯ (ಅಡಿಕೆ ಗರಿಯ) ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳೆದ್ದು, ಒಂದಕ್ಕೊಂದು ಕೂಡಿಕೊಂಡು, ಸೋಗೆಯೇ ಒಣಗುತ್ತದೆ. ಔಷಧಿ ಹೊಡೆದ ದಿನ ಸಂಜೆ ಮಗ ಅಂಥ ಸೋಗೆಯೊಂದನ್ನು ತಂದು ಜಗಲಿಯ ಮೇಲೆ ಹರವಿದಾಗ ಮಾವನವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಇದು ತಾನು ಕಂಡದ್ದಲ್ಲ ಎಂದರು. ಕೊನೆಗೌಡರದೂ ಅದೇ ಮಾತು. ಮಗ ಮೊಬೈಲಿನಲ್ಲಿ ತೆಗೆದ ಬರಹ, ರೋಗ ತಗಲಿದ ಸೋಗೆಗಳನ್ನು ಕಡಿದು ಸುಟ್ಟು, ಆಮೇಲೆ ಶಿಲೀಂಧ್ರನಾಶಕ ಹೊಡೆಯಬೇಕು ಎನ್ನುತ್ತದೆ. ಸೋಗೆ ಕಡಿಯುವುದು ಮಾವನವರಿಗೆ ಒಪ್ಪಿಗೆಯಿಲ್ಲ: ಒಂದೊಂದು ಸೋಗೆಯ ಬುಡದಲ್ಲಿ ಒಂದೊಂದು ಕೊನೆ, ಹಸಿರು ಉಳಿದಿರುವಷ್ಟು ದಿನ ಅದು ಕಾಯಿಗೆ ಅನ್ನ ಹಾಕುತ್ತದೆ. ಕಡಿಯದಿದ್ದರೆ ಚುಕ್ಕೆ ಮೇಲಿನ ಸೋಗೆಗಳಿಗೂ ಹತ್ತುತ್ತದೆ ಎಂಬುದು ಮೊಮ್ಮಗನ ವಾದ. ಅಂದು ಸಂಜೆ ಯಾರೂ ಸೋಲಲಿಲ್ಲ. ಕೊನೆಗೆ ಯಜಮಾನರು ಕಾದಿಗೆಯ (ತೋಟದ ನೀರು ಹರಿಯುವ ಕಾಲುವೆಯ) ಆಚೆಯ ಮರಗಳಿಗೆ ಮೊಮ್ಮಗ ಹೇಳಿದಂತೆ ಕೆಳಗಿನ ಸೋಗೆ ಕಡಿಸುವುದು, ಈಚೆಯವನ್ನು ಅಜ್ಜ ಹೇಳಿದಂತೆ ಬಿಟ್ಟು ಔಷಧಿ ಮಾತ್ರ ಹೊಡೆಸುವುದು ಎಂದು ತೀರ್ಮಾನಿಸಿದರು. ಮಳೆ ಬಿಟ್ಟು ದಸರಾ ಕಳೆದ ಮೇಲೆ ಎರಡೂ ಕಡೆ ನೋಡಬೇಕು. ಅಲ್ಲಿಯವರೆಗೆ ಎಣಿಕೆಯನ್ನು ಬರೆದಿಡುವ ಕೆಲಸವನ್ನು ನನಗೆ ವಹಿಸಿದ್ದಾರೆ, ಏಕೆಂದರೆ ಆ ಇಬ್ಬರಲ್ಲಿ ಯಾರು ಬರೆದರೂ ಇನ್ನೊಬ್ಬರು ನಂಬುವುದಿಲ್ಲ.