ಎರಡು ಎಂಜಿನ್, ಎರಡೇ ಗನ್

ಇಟಲಿಯ ರೋ.57 ಫೈಟರ್ ಮೊದಲು ಹಾರಿದ್ದು 1939ರಲ್ಲಿ. ಒಬ್ಬನೇ ಪೈಲಟ್, 840 ಅಶ್ವಶಕ್ತಿಯ ಎರಡು ಫಿಯಟ್ ಎ.74 ಎಂಜಿನ್, ಮೂತಿಯಲ್ಲಿ 12.7 ಮಿ.ಮೀ.ನ ಎರಡೇ ಮಷಿನ್ ಗನ್. ತೊಡಕು ಇದ್ದದ್ದೇ ಇಲ್ಲಿ: ಅದೇ ಎ.74 ಒಂದನ್ನೇ ಹಾಕಿ, ಅಷ್ಟೇ ಗನ್ ಹೊತ್ತು ಇಟಲಿಯದೇ ಇನ್ನೊಂದು ಫೈಟರ್ ಮಕ್ಕಿ ಸಿ.200 ಹಾರುತ್ತಿತ್ತು. ಎಂಜಿನ್‌ಗೇ ಬರ ಇದ್ದ ದೇಶಕ್ಕೆ ಈ ಲೆಕ್ಕ ಹೇಗೆ ಗಿಟ್ಟೀತು? ಆಮೇಲೆ ಡೈವ್ ಬ್ರೇಕ್ (ಕೆಳಕ್ಕೆ ಎರಗುವಾಗ ವೇಗ ತಡೆಯುವ ಫಲಕ) ಕೂರಿಸಿ ಬಾಂಬರ್ ಮಾಡಹೊರಟರು. ದಳಕ್ಕೆ ಸೇರುವಷ್ಟರಲ್ಲಿ 1943.

ಅದರ ಮುಂದಿನ ರೂಪ ರೋ.58ಕ್ಕೆ ಜರ್ಮನ್ ಡಿಬಿ 601 ಎಂಜಿನ್ ಹಾಕಿದಾಗ 20 ಮಿ.ಮೀ. ಫಿರಂಗಿ ಐದು ಬಂದವು, ನಿಜ. ಆದರೆ ಅದೇ ಎಂಜಿನ್ ಮಕ್ಕಿ ಸಿ.202 ಫೈಟರ್‌ಗೂ ಬೇಕಿತ್ತಲ್ಲ! ಮಾದರಿ ಒಂದಕ್ಕೇ ನಿಂತಿತು.

ಜೋಡಿ ಒಡಲಿನ ಇನ್ನೊಂದು ಇಟಾಲಿಯನ್ ಫೈಟರ್ ಎಸ್‌ಎಂ.92ರಲ್ಲಂತೂ ಗಾಳಿಯ ತಡೆ ತಗ್ಗಲೆಂದು ನಡುವಿನ ಕಾಕ್‌ಪಿಟ್ಟನ್ನೇ ಕಿತ್ತು, ಪೈಲಟ್‌ನನ್ನು ಎಡ ಒಡಲಿನೊಳಗೆ ಕೂರಿಸಿದರು. ಹಾರಿದ್ದು 1943ರ ನವೆಂಬರ್‌ನಲ್ಲಿ, ಇಟಲಿ ಶರಣಾದ ಮೇಲೆ.