ಸ್ಯಾನ್ ಪಾಬ್ಲೋದ ಏಳು ಸರೋವರಗಳು

ಟ್ರಾಫಿಕ್ ಕಾಟ ಕೊಡದಿದ್ದರೆ ಮನಿಲಾದಿಂದ ಎರಡು ಮೂರು ಗಂಟೆಯಲ್ಲಿ ಸ್ಯಾನ್ ಪಾಬ್ಲೋ ತಲುಪಬಹುದು. ಫಿಲಿಪ್ಪೀನ್ಸ್‌ನ ಲಗೂನಾ ಪ್ರಾಂತ್ಯದ ಊರು. ಕಣ್ಣು ಹಾಯಿಸಿದಲ್ಲೆಲ್ಲ ತೆಂಗು. ಆ ತೆಂಗಿನ ನಡುವೆ ಏಳು ಸರೋವರಗಳಿವೆ: ಸಂಪಾಲೋಕ್, ಬುನೊಟ್, ಪಲಕ್ಪಾಕಿನ್, ಮೊಹಿಕಾಪ್, ಕಲಿಬಾಟೊ, ಪಾಂಡಿನ್, ಯಾಂಬೊ.

ಏಳೂ ಜ್ವಾಲಾಮುಖಿಯಿಂದ ಹುಟ್ಟಿದವು. ಆದರೆ ಬೆಂಕಿ ಉಗುಳುವ ಬೆಟ್ಟವನ್ನು ಇಲ್ಲಿ ಹುಡುಕಬೇಡಿ. ನೆಲದಡಿಯಿಂದ ಏರಿ ಬಂದ ಶಿಲಾಪಾಕ ಅಂತರ್ಜಲಕ್ಕೆ ತಗುಲಿತು. ನೀರು ಒಮ್ಮೆಲೇ ಆವಿಯಾಗಿ ಮೇಲಿನ ನೆಲವನ್ನೇ ಸಿಡಿಸಿತು. ಉಳಿದ ಗುಂಡಿಗಳಲ್ಲಿ ನೀರು ತುಂಬಿಕೊಂಡಿತು. ಭೂವಿಜ್ಞಾನಿಗಳು ಇಂಥವನ್ನು ‘ಮಾರ್’ ಎನ್ನುತ್ತಾರೆ.

ಸಂಪಾಲೋಕ್ ಎಲ್ಲಕ್ಕಿಂತ ದೊಡ್ಡದು, ಸುಮಾರು 104 ಹೆಕ್ಟೇರ್. ಇದು ಊರೊಳಗೇ ಇದೆ. ಸುತ್ತಲಿನ ರಸ್ತೆಯಲ್ಲಿ ಬೆಳಿಗ್ಗೆ ಜನ ಓಡುತ್ತಾರೆ, ಸೈಕಲ್ ಹೊಡೆಯುತ್ತಾರೆ. ಹಿಂದೆ ಇಲ್ಲೊಂದು ಸಿಹಿ ಹುಣಸೆ ಮರ ಇತ್ತಂತೆ. ಭಿಕ್ಷುಕಿಯ ವೇಷದಲ್ಲಿ ಬಂದ ದೇವತೆ ಒಂದು ಹಣ್ಣು ಕೇಳಿದಳು. ಮರದ ಒಡೆಯರು ಕೊಡಲಿಲ್ಲ, ನಾಯಿಯನ್ನೂ ಛೂ ಬಿಟ್ಟರು. ಅವಳು ಶಾಪ ಕೊಟ್ಟಳು, ತೋಟ ಮುಳುಗಿ ಸರೋವರ ಆಯಿತು. ನೆಲ ಇದ್ದಲ್ಲಿ ನೀರು ನಿಂತಿತು ಅನ್ನುವಷ್ಟು ಮಾತ್ರ ಈ ಕಥೆಗೂ ವಿಜ್ಞಾನಕ್ಕೂ ಹೊಂದುತ್ತದೆ, ಅಲ್ವಾ?

ನನ್ನನ್ನು ಹಿಡಿದು ನಿಲ್ಲಿಸಿದ್ದು ನೀರಿನ ಮೇಲಿನ ಪಂಜರಗಳು. ಬಿದಿರಿನ ಚೌಕಟ್ಟಿಗೆ ಬಲೆ ಕಟ್ಟಿ, ಒಳಗೆ ತಿಲಾಪಿಯಾ ಮೀನು ಸಾಕುತ್ತಾರೆ. 1970ರ ದಶಕದಲ್ಲಿ ಶುರುವಾದ ಈ ಕಸುಬು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಮೀನು ತಿಂದು ಬಿಟ್ಟ ಆಹಾರ ತಳ ಸೇರಿ ಕೊಳೆಯುತ್ತದೆ. ಅದರಿಂದ ತಳದ ನೀರಿನಲ್ಲಿ ಆಮ್ಲಜನಕ ಉಳಿಯುವುದಿಲ್ಲ. ವರ್ಷದ ಕೊನೆಯ ಹೊತ್ತಿಗೆ ತಣ್ಣನೆಯ ಈಶಾನ್ಯ ಗಾಳಿ ಬೀಸಿದಾಗ ಮೇಲಿನ ನೀರು ತಣಿದು ಕೆಳಗಿಳಿಯುತ್ತದೆ, ತಳದ ಕೆಟ್ಟ ನೀರು ಮೇಲೇಳುತ್ತದೆ. ಆಗ ಪಂಜರದ ಮೀನು ರಾಶಿ ರಾಶಿಯಾಗಿ ಸಾಯುತ್ತವೆ. ಸಾಲ ಮಾಡಿ ಮರಿ ಬಿಟ್ಟವನ ಗತಿ ಏನು? 1998ರ ಮೀನುಗಾರಿಕೆ ಕಾನೂನಿನ ಪ್ರಕಾರ ಸರೋವರದ ಶೇ. 10ಕ್ಕಿಂತ ಜಾಸ್ತಿ ಜಾಗದಲ್ಲಿ ಮೀನು ಸಾಕುವಂತಿಲ್ಲ. ಆ ಮಿತಿ ಕಾಗದದ ಮೇಲೇ ಉಳಿದ ಕಾಲವೂ ಇತ್ತು. 2014ರಲ್ಲಿ ಜರ್ಮನಿಯ ಪರಿಸರ ಸಂಸ್ಥೆ ಗ್ಲೋಬಲ್ ನೇಚರ್ ಫಂಡ್ ಈ ಏಳನ್ನೂ ‘ಅಪಾಯದಲ್ಲಿರುವ ವರ್ಷದ ಸರೋವರ’ ಎಂದು ಘೋಷಿಸಿತು.

ಬುನೊಟ್, ಮೊಹಿಕಾಪ್ ಎರಡನ್ನೂ ದಡದಲ್ಲೇ ನಿಂತು ನೋಡಿ ಮುಂದೆ ಹೋದೆ. ಮನಸ್ಸು ನಿಂತಿದ್ದು ಪಾಂಡಿನ್‌ನಲ್ಲಿ.

ಟ್ರೈಸಿಕಲ್ (ಬೈಕಿಗೆ ಪಕ್ಕದ ಗಾಡಿ ಜೋಡಿಸಿದ ಬಾಡಿಗೆ ವಾಹನ) ಇಳಿದು ತೆಂಗಿನ ತೋಟದ ಕಾಲುದಾರಿಯಲ್ಲಿ ಸ್ವಲ್ಪ ನಡೆಯಬೇಕು. ದಡದಲ್ಲಿ ಮಾಡು ಹಾಕಿದ ಬಿದಿರಿನ ತೆಪ್ಪಗಳು. ಇವನ್ನು ನಡೆಸುವುದು ಇಲ್ಲಿನ ಹೆಂಗಸರ ಸಂಘ. ತೆಪ್ಪಕ್ಕೆ ಮೋಟಾರ್ ಇಲ್ಲ. ಈ ದಡದಿಂದ ಆ ದಡಕ್ಕೆ ಹಗ್ಗ ಕಟ್ಟಿದ್ದಾರೆ. ನಮ್ಮ ತೆಪ್ಪದ ಅಕ್ಕ ಒದ್ದೆ ಹಗ್ಗವನ್ನು ಒಂದು ಕೈಯಲ್ಲಿ ಹಿಡಿದು ಎದೆಯ ತನಕ ಎಳೆದು, ಇನ್ನೊಂದು ಕೈಯನ್ನು ಮುಂದಕ್ಕೆ ಚಾಚುತ್ತಿದ್ದರು. ಅಂಗೈ ಗಟ್ಟಿಯಾಗಿತ್ತು. ಮಾತು ಮಾತ್ರ ನಿಲ್ಲಲಿಲ್ಲ. ಮಗಳ ಓದು, ಮಳೆ, ರಜೆಯ ದಿನದ ನೂಕುನುಗ್ಗಲು, ಎಲ್ಲ ಬಂತು.

ಊಟ ತೆಪ್ಪದ ಮೇಲೇ. ಬಾಳೆ ಎಲೆಯ ಮೇಲೆ ಅನ್ನ, ಸುಟ್ಟ ತಿಲಾಪಿಯಾ, ತೆಂಗಿನ ಹಾಲಿನಲ್ಲಿ ಬೇಯಿಸಿದ ಸಿಗಡಿ, ಜರೀಗಿಡದ ಎಳೆ ಚಿಗುರಿನ ಸಲಾಡ್. ಆ ಸಲಾಡನ್ನು ಮತ್ತೆ ಕೇಳಿ ಹಾಕಿಸಿಕೊಂಡೆ.

ಆಚೆ ದಡದಲ್ಲಿ ಇಳಿದು ಸಣ್ಣ ಏರು ಹತ್ತಿದರೆ ಯಾಂಬೊ ಕಾಣುತ್ತದೆ. ಅವಳಿ ಸರೋವರಗಳ ನಡುವೆ ಇರುವುದು ಇದೊಂದೇ ಕಿರಿದಾದ ದಿಬ್ಬ. ಎರಡು ಸ್ಫೋಟಗಳ ನಡುವೆ ಇಷ್ಟು ನೆಲ ಹೇಗೆ ಉಳಿಯಿತೋ ಅನ್ನಿಸಿತು.

ಸಂಪಾಲೋಕ್‌ಗೆ ಹೋಲಿಸಿದರೆ ಪಾಂಡಿನ್ ನೀರು ಎಷ್ಟೋ ತಿಳಿ. ಊರಿಂದ ದೂರ ಇರುವುದೂ ಒಂದು ಕಾರಣ, ಒಪ್ಪೋಣ. ಆದರೆ ಈ ಹೆಂಗಸರ ಪಾಲು ದೊಡ್ಡದು ಅಂತಲೇ ನನ್ನ ನಂಬಿಕೆ. ನೀರು ಕೆಟ್ಟರೆ ನಾಳೆ ತೆಪ್ಪ ಹತ್ತುವವರಿಲ್ಲ, ಅದು ಅವರಿಗೆ ಚೆನ್ನಾಗಿ ಗೊತ್ತು. ನೀರಿಗೆ ಬಿದ್ದ ಒಂದು ಪ್ಲಾಸ್ಟಿಕ್ ಚೀಲವನ್ನು ಅಕ್ಕ ಹಗ್ಗ ಬಿಟ್ಟು, ಬಾಗಿ, ಎತ್ತಿಕೊಂಡೇ ಮುಂದೆ ಹೋದರು.

ಹೋಗುವವರು ಮೊದಲು ಸಂಪಾಲೋಕ್ ನೋಡಿ, ಆಮೇಲೆ ಪಾಂಡಿನ್‌ಗೆ ಬನ್ನಿ. ವಾರದ ನಡುವೆ ಹೋದರೆ ಒಳ್ಳೆಯದು. ಊಟಕ್ಕೆ ಮೊದಲೇ ಹೇಳಿಡಿ. ನೀರಿಗಿಳಿಯುವಾಗ ಲೈಫ್ ಜಾಕೆಟ್ ಬೇಡ ಅನ್ನಬೇಡಿ, ದಡ ಬಿಟ್ಟರೆ ನೀರು ಬಹಳ ಆಳ.