ಕೋರ್ಡೊಬಾಕ್ಕೆ ಹೋದರೆ ಒಂದು ರಾತ್ರಿಯಾದರೂ ಉಳಿಯಿರಿ

ಸ್ಪೇನಿನ ಕೋರ್ಡೊಬಾಕ್ಕೆ ನಾನು ಹೋದದ್ದು ಎರಡು ಸಲ. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು. ಜುಲೈ ತಿಂಗಳು. ಮ್ಯಾಡ್ರಿಡ್‌ನಿಂದ ಸೆವಿಯಾಕ್ಕೆ ಹೋಗುವ ದಾರಿಯಲ್ಲಿ ಇಳಿದು ನಾಲ್ಕು ಗಂಟೆಯಲ್ಲಿ ಊರು ಮುಗಿಸುವ ಪ್ಲಾನು. ಸ್ಟೇಷನ್‌ನಿಂದ ಹೊರಬಿದ್ದಾಗ ಮಧ್ಯಾಹ್ನ ಒಂದು ಗಂಟೆ. ಎದುರಿನ ಔಷಧಿ ಅಂಗಡಿಯ ಹಸಿರು ಫಲಕದಲ್ಲಿ 43 ಡಿಗ್ರಿ ಮಿನುಗುತ್ತಿತ್ತು. ಬೀದಿಯಲ್ಲಿ ಊರಿನವರು ಒಬ್ಬರೂ ಇಲ್ಲ, ನನ್ನಂಥ ಪೆದ್ದರು ಮಾತ್ರ. ನೀರಿನ ಬಾಟಲಿ ಹಿಡಿದು ನೆರಳಿಂದ ನೆರಳಿಗೆ ಓಡಿ, ಮೆಸ್ಕೀಟಾ ಅನ್ನುವ, ಈಗ ಇಗರ್ಜಿಯಾಗಿರುವ ಹಳೇ ಮಸೀದಿಯೊಳಗೆ ಮುಕ್ಕಾಲು ಗಂಟೆ ನೂಕುನುಗ್ಗಲಲ್ಲಿ ಕಳೆದು ವಾಪಸು ರೈಲು ಹತ್ತಿದೆ.

ಎರಡನೆಯ ಸಲ ಹೋದದ್ದು ಅಕ್ಟೋಬರ್‌ನಲ್ಲಿ, ಸಾಗರದಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ. ಎರಡು ರಾತ್ರಿ ಉಳಿದೆವು. ಪ್ಲಾನು ಹಾಕುತ್ತಿರುವವರಿಗೆ ನನ್ನದು ಒಂದೇ ಒತ್ತಾಯ: ಇದನ್ನು ದಾರಿ ಮಧ್ಯದ ಊರು ಮಾಡಬೇಡಿ. ಬಸ್ಸು ರೈಲುಗಳಲ್ಲಿ ಬರುವ ಜನ ಹತ್ತು ಗಂಟೆಗೆ ಬಂದು ಸಂಜೆ ಆರಕ್ಕೆಲ್ಲ ಖಾಲಿಯಾಗುತ್ತಾರೆ. ಊರು ಚೆನ್ನಾಗಿರುವುದು ಅದರ ಹಿಂದೆ ಮುಂದೆ.

ವೀಸಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ಬೇಸಿಗೆಗಾದರೆ ಹಾಗೇ ಮಾಡಿ. 30,000 ಯೂರೋ ಮೊತ್ತದ ವಿಮೆ ಕಡ್ಡಾಯ. ಎರಡು ಮೂರು ದೇಶ ಸುತ್ತುವುದಾದರೆ ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕು. ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಬೇರೆ ದೇಶಕ್ಕೆ ಹಾಕಿ ಪೇಚಿಗೆ ಸಿಕ್ಕಿಕೊಂಡವರನ್ನು ನೋಡಿದ್ದೇನೆ.

ಮ್ಯಾಡ್ರಿಡ್‌ನ ಅತೋಚಾ ಸ್ಟೇಷನ್‌ನಿಂದ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಗಂಟೆ. ಸೆವಿಯಾದಿಂದ ಮುಕ್ಕಾಲು ಗಂಟೆ ಸಾಕು. ಸರ್ಕಾರಿ ರೈಲು ಕಂಪನಿ ರೆನ್ಫೆ ಜೊತೆಗೆ ಇರ್ಯೋ, ಉಯಿಗೊ ಕಂಪನಿಗಳ ರೈಲೂ ಇವೆ, ಮೂರರಲ್ಲೂ ದರ ಹೋಲಿಸಿ. ವಿಮಾನದ ಹಾಗೆ, ದಿನ ಹತ್ತಿರವಾದಷ್ಟೂ ಟಿಕೆಟ್ ದುಬಾರಿ. ಬ್ಯಾಗು ಸ್ಕ್ಯಾನರಿಗೆ ಹಾಕಬೇಕು, ಹೊರಡುವ ಎರಡು ನಿಮಿಷ ಮೊದಲೇ ಗೇಟು ಮುಚ್ಚುತ್ತಾರೆ. ನಮ್ಮಲ್ಲಿನ ಹಾಗೆ ಚಲಿಸುವ ರೈಲಿಗೆ ಓಡಿ ಹತ್ತುವ ಕಥೆಯೇ ಇಲ್ಲ.

ಸ್ಟೇಷನ್‌ನಿಂದ ಹಳೇ ಊರಿಗೆ ನಡೆದರೆ ಇಪ್ಪತ್ತೈದು ನಿಮಿಷ. ನಾವು ಟ್ಯಾಕ್ಸಿ ಹಿಡಿದೆವು. ಆದರೆ ಹುದೆರಿಯಾ ಅನ್ನುವ ಹಳೇ ಯಹೂದಿ ಕೇರಿಯ ಓಣಿಗಳೊಳಗೆ ಟ್ಯಾಕ್ಸಿ ಹೋಗದು. ಕೊನೆಯ ಮುನ್ನೂರು ಮೀಟರ್ ಗುಂಡುಕಲ್ಲು ಹಾಸಿದ ಓಣಿಯಲ್ಲಿ ಸೂಟ್‌ಕೇಸ್ ಎಳೆಯಬೇಕಾಯಿತು. ಅಮ್ಮನ ಸೂಟ್‌ಕೇಸಿನ ಒಂದು ಚಕ್ರ ಅಲ್ಲೇ ಪ್ರಾಣ ಬಿಟ್ಟಿತು. ಹೊತ್ತು ನಡೆಯುವಷ್ಟೇ ಸಾಮಾನು ತನ್ನಿ, ಮೆತ್ತನೆ ಅಟ್ಟೆಯ ಶೂ ಹಾಕಿಕೊಳ್ಳಿ.

ಇನ್ನು ಮೆಸ್ಕೀಟಾ. ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಒಳಗೆ ಹೋಗಲು ದುಡ್ಡಿಲ್ಲ, ಗೈಡ್ ಹಿಂದೆ ಬರುವ ಗುಂಪುಗಳಿಗೂ ಬಿಡುವುದಿಲ್ಲ. (ಹಬ್ಬದ ದಿನಗಳಲ್ಲಿ ಬದಲಾಗುತ್ತದೆ, ಹಿಂದಿನ ದಿನ ವೆಬ್‌ಸೈಟ್ ನೋಡಿಕೊಳ್ಳಿ.) ಅಕ್ಟೋಬರ್ ನಡುವಿನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂಕಾಲು ದಾಟಿದ ಮೇಲೆ. ನಾವು ಬಾಗಿಲು ದಾಟಿದಾಗ ಒಳಗೆ ಇಪ್ಪತ್ತು ಜನರೂ ಇರಲಿಲ್ಲ. ಕಣ್ಣು ಕತ್ತಲೆಗೆ ಹೊಂದುವವರೆಗೂ ಏನೂ ಕಾಣಿಸಲಿಲ್ಲ. ಆಮೇಲೆ ಕಂಬಗಳು ಒಂದೊಂದಾಗಿ ಕಾಣತೊಡಗಿದವು, ಸಾಲು ಮುಗಿಯುವುದೇ ಇಲ್ಲ. ‘ಅಡಿಕೆ ತೋಟದಾಗೆ ನಿಂತಂಗಾತು’ ಅಂದರು ಅಮ್ಮ. ನಿಜ, ಸ್ವಲ್ಪ ಪಕ್ಕಕ್ಕೆ ಸರಿದರೆ ಓರೆಯಲ್ಲಿ ಇನ್ನೊಂದು ಸಾಲು ತೆರೆದುಕೊಳ್ಳುತ್ತದೆ, ತೋಟದಲ್ಲಿ ಆಗುವ ಹಾಗೇ.

ಡಮಾಸ್ಕಸ್‌ನಿಂದ ತಲೆ ಉಳಿಸಿಕೊಂಡು ಓಡಿಬಂದ ರಾಜಕುಮಾರ ಒಂದನೇ ಅಬ್ದುಲ್ ರಹಮಾನ್ ಈ ಮಸೀದಿ ಕಟ್ಟಿಸಲು ತೊಡಗಿದ್ದು 785ರ ಹೊತ್ತಿಗೆ. ಇನ್ನೂರು ವರ್ಷಗಳಲ್ಲಿ ಮೂರು ಸಲ ದೊಡ್ಡದಾಯಿತು. ಇಂದು 850ಕ್ಕೂ ಹೆಚ್ಚು ಕಂಬಗಳಿವೆ. ಮೊದಲ ಭಾಗದ ಕಂಬಗಳು ರೋಮನ್ನರ, ಅವರ ನಂತರ ಆಳಿದ ವಿಸಿಗೋಥರ ಹಳೇ ಕಟ್ಟಡಗಳಿಂದ ಕಿತ್ತು ತಂದವು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಬಣ್ಣವೂ ಬೇರೆ. ಗಿಡ್ಡದ್ದರ ಕೆಳಗೆ ಪೀಠ ಇಟ್ಟು ಸರಿದೂಗಿಸಿದ್ದಾರೆ. ಆಗಲೂ ಛಾವಣಿ ತೀರಾ ತಗ್ಗಾಗುತ್ತಿತ್ತು. ಅದಕ್ಕೇ ಕಮಾನಿನ ಮೇಲೊಂದು ಕಮಾನು.

ಅಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ರಿಟೈರ್ ಆದವರು. ಅವರಿಗೆ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರುವ ಗೋಡೆಗೂಡು) ಚಿನ್ನದ ಮೊಸಾಯಿಕ್‌ಗಿಂತ ಹೆಚ್ಚು ಹಿಡಿಸಿದ್ದು ಎಡಗಡೆಯ ಭಾಗ. ಕಮಾನುಗಳ ಕೆಂಪು ಬಿಳಿ ಪಟ್ಟೆ ಇದೆಯಲ್ಲ, ಹಳೇ ಭಾಗದಲ್ಲಿ ಕೆಂಪು ಅಂದರೆ ಇಟ್ಟಿಗೆ, ಬಿಳಿ ಅಂದರೆ ಕಲ್ಲು. ಎಡಕ್ಕೆ, ಅಂದರೆ ಪೂರ್ವಕ್ಕೆ ಹೋಗಿ. 987ರ ಸುಮಾರಿಗೆ, ಆಗ ಆಡಳಿತ ನಡೆಸುತ್ತಿದ್ದ ಮಂತ್ರಿ ಅಲ್ಮನ್ಸೂರ್ ಸೇರಿಸಿದ ಆ ಭಾಗದಲ್ಲಿ ಇಟ್ಟಿಗೆಯೇ ಇಲ್ಲ. ಇಡೀ ಕಮಾನು ಕಲ್ಲಿನದು, ಪಟ್ಟೆ ಬರೀ ಕೆಂಪು ಬಣ್ಣ. ಕುತ್ತಿಗೆ ಎತ್ತಿ ಹತ್ತು ನಿಮಿಷ ನೋಡಿದ ಅಪ್ಪ, ‘ಇಲ್ಲೂ ಕಂಟ್ರಾಕ್ಟರು ಕೈಚಳಕ ತೋರಿಸಿದಾನೆ’ ಅಂದರು. ಬಣ್ಣ ಮಾಸಿದ ಕಡೆ ನಿಂತು ನೋಡಿ, ಗೊತ್ತಾಗುತ್ತದೆ.

ನಟ್ಟನಡುವೆ ಎದ್ದು ನಿಂತಿರುವುದು ಕ್ಯಾಥೆಡ್ರಲ್. 1236ರಲ್ಲಿ ಊರು ಕ್ರೈಸ್ತ ದೊರೆ ಮೂರನೇ ಫರ್ನಾಂಡೊನ ಕೈಸೇರಿದಾಗಲೇ ಮಸೀದಿ ಇಗರ್ಜಿಯಾಗಿತ್ತು. ಆದರೆ ಮಧ್ಯಭಾಗ ಒಡೆದು ಈ ದೊಡ್ಡ ಕಟ್ಟಡ ಶುರುಮಾಡಿದ್ದು 1523ರಲ್ಲಿ. ಒಡೆಯುವ ಕೆಲಸಕ್ಕೆ ಹೋದವರಿಗೆ ಮರಣದಂಡನೆ ಎಂದು ಊರಿನ ಆಡಳಿತವೇ ಸಾರಿತ್ತಂತೆ. ಕೊನೆಗೆ ಚಕ್ರವರ್ತಿ ಐದನೇ ಚಾರ್ಲ್ಸ್ ಬಿಷಪ್ಪನ ಪರ ನಿಂತ. ನನಗಂತೂ ಆ ಜೋಡಣೆ ಇಂದಿಗೂ ಕಣ್ಣಿಗೆ ಒತ್ತುತ್ತದೆ. ಅಮ್ಮನಿಗೆ ಏನೂ ಅನ್ನಿಸಲಿಲ್ಲ.

ಒಂಬತ್ತೂಕಾಲು ಕಳೆಯುತ್ತಿದ್ದಂತೆ ಕಾವಲಿನವರು ನಯವಾಗಿ ಹೊರಗಟ್ಟುತ್ತಾರೆ. ಮಿಹ್ರಾಬಿನ ಹತ್ತಿರ ಸಾವಕಾಶವಾಗಿ ನಿಲ್ಲಬೇಕೆಂದರೆ ಈ ಒಂದು ಗಂಟೆ ಸಾಲದು. ನಾನು ಮಾರನೆಯ ದಿನ ಟಿಕೆಟ್ ಕೊಂಡು ಸಂಜೆ ಮತ್ತೊಮ್ಮೆ ಹೋದೆ. ಗಂಟೆಗೋಪುರಕ್ಕೆ ಬೇರೆ ಟಿಕೆಟ್, ನಿಗದಿತ ಹೊತ್ತಿಗೇ ಹತ್ತಬೇಕು. ಅದರೊಳಗೆ ಹಳೆಯ ಮಿನಾರು ಹುದುಗಿಕೊಂಡಿದೆ. ಮಂಡಿನೋವಿನವರು ಬಿಟ್ಟುಬಿಡಿ.

ಹೊರಗೆ ಬಂದರೆ ಹೆಂಗಸರು ರೋಸ್ಮರಿಯ ಟೊಂಗೆ ಕೈಗೆ ತುರುಕಲು ಬರುತ್ತಾರೆ. ತೆಗೆದುಕೊಂಡರೆ ಕೈ ನೋಡಿ ಭವಿಷ್ಯ, ಆಮೇಲೆ ದುಡ್ಡು. ಕೈ ಜೇಬಲ್ಲಿಟ್ಟು ‘ನೋ, ಗ್ರಾಸಿಯಾಸ್’ ಅಂದು ಮುಂದೆ ಹೋಗಿ.

ಊಟದ ವಿಚಾರಕ್ಕೆ ಬರೋಣ, ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ಸಾಲ್ಮೊರೇಹೊ ಇಲ್ಲಿನ ಹೆಸರಾದ ತಿನಿಸು: ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ರುಬ್ಬಿ ತಣ್ಣಗೆ ಕೊಡುವ ಗಟ್ಟಿ ಗೊಜ್ಜು. ಅದರ ಮೇಲೆ ಹಂದಿಮಾಂಸದ ಚೂರು, ಮೊಟ್ಟೆ ಉದುರಿಸುವುದು ರೂಢಿ. ಮೊದಲ ರಾತ್ರಿ ಒಂದು ಬಾರಿನಲ್ಲಿ ‘ಮಾಂಸ ಬೇಡ’ ಅಂತ ಹೇಳಿಯೂ ಹಂದಿಯ ಚೂರು ಹಾಕಿದ್ದೇ ಬಂತು. ಅವರ ಲೆಕ್ಕದಲ್ಲಿ ಮಾಂಸ ಬೇರೆ, ಹಮೋನ್ ಬೇರೆ! ಅದಕ್ಕೇ ಒಂದೊಂದನ್ನೂ ಹೆಸರು ಹಿಡಿದು ಹೇಳಿ: ‘ಸಿನ್ ಹಮೋನ್, ಸಿನ್ ಉವೋ, ಸಿನ್ ಆತೂನ್’. ಹಂದಿ ಬೇಡ, ಮೊಟ್ಟೆ ಬೇಡ, ಟ್ಯೂನಾ ಮೀನು ಬೇಡ ಎಂದು.

ಧೈರ್ಯವಾಗಿ ತಿನ್ನಬಹುದಾದದ್ದು ಬೆರೆನ್‌ಹೆನಾಸ್ ಕೋನ್ ಮಿಯೆಲ್. ಬದನೆಕಾಯಿ ಬಜ್ಜಿ, ಮೇಲೆ ಕಪ್ಪಗಿನ ಪಾಕ. ಮೆನುವಿನಲ್ಲಿ ಜೇನು ಎಂದೇ ಇರುತ್ತದೆ, ಆದರೆ ಸಾಮಾನ್ಯವಾಗಿ ಸುರಿಯುವುದು ಕಬ್ಬಿನ ಪಾಕ. ಅಮ್ಮ ಬೆರಳಲ್ಲಿ ನೆಕ್ಕಿ, ‘ಇದು ಜೋನಿಬೆಲ್ಲ ಕಣೋ’ ಎಂದು ಇನ್ನೊಂದು ತಟ್ಟೆ ತರಿಸಿದರು. ಅಡುಗೆಮನೆ ಸಂಜೆ ನಾಲ್ಕರಿಂದ ಎಂಟೂವರೆವರೆಗೆ ಬಹುತೇಕ ಬಂದ್. ನಮ್ಮ ಹಿರಿಯರ ಏಳು ಗಂಟೆಯ ಊಟ ಅಲ್ಲಿ ನಡೆಯುವುದಿಲ್ಲ, ಅವಲಕ್ಕಿ ಪೊಟ್ಟಣ ಜೊತೆಗಿರಲಿ.

ಮೆದೀನಾ ಅಸಾಹಾರಾ ಊರಿಂದ ಸುಮಾರು 8 ಕಿ.ಮೀ. ದೂರ. ಮೂರನೇ ಅಬ್ದುಲ್ ರಹಮಾನ್ 936ರಲ್ಲಿ ಕಟ್ಟಿಸತೊಡಗಿದ ಅರಮನೆ ಪಟ್ಟಣ, ನೂರು ವರ್ಷವೂ ಬಾಳದೆ ಹಾಳಾಯಿತು. ಮ್ಯೂಸಿಯಂವರೆಗೆ ಒಂದು ಬಸ್ಸು, ಅಲ್ಲಿಂದ ಮೇಲಕ್ಕೆ ಇನ್ನೊಂದು. ನೆರಳು ಕಡಿಮೆ, ಟೋಪಿ ಬೇಕೇ ಬೇಕು. ಹಾಳುಬಿದ್ದ ಗೋಡೆ ನೋಡುವ ತಾಳ್ಮೆ ಇಲ್ಲದವರು ಆ ಅರ್ಧ ದಿನವನ್ನು ವಿಯಾನಾ ಅರಮನೆಗೆ ಕೊಡಿ. ಅಲ್ಲಿ ಹನ್ನೆರಡು ಅಂಗಳಗಳಿವೆ, ಗೋಡೆ ತುಂಬ ಹೂಕುಂಡ. ಮೇಲಿನ ಕುಂಡಗಳಿಗೆ ನೀರು ಹಾಕುವುದು ಉದ್ದ ಕೋಲಿನ ತುದಿಗೆ ಕಟ್ಟಿದ ಡಬ್ಬಿಯಿಂದ. ಮೇ ಮೊದಲರ್ಧದಲ್ಲಿ ಅಂಗಳಗಳ ಹಬ್ಬ, ಮನೆಮನೆಯ ಬಾಗಿಲೂ ತೆರೆದಿರುತ್ತದೆ. ಆಗ ಹೋಟೆಲ್ ದರ ಕೇಳಬೇಡಿ.

ವಾರದ ಲೆಕ್ಕ ಸರಿ ಇರಲಿ. ಭಾನುವಾರ ಮೆಸ್ಕೀಟಾದ ಬಿಟ್ಟಿ ಗಂಟೆ ಇಲ್ಲ. ಸೋಮವಾರ ಮೆದೀನಾ ಅಸಾಹಾರಾ, ಅಲ್ಕಾಸರ್ ಕೋಟೆ, ವಿಯಾನಾ, 1315ರ ಪುಟ್ಟ ಸಿನಗಾಗ್ (ಯಹೂದಿಗಳ ಪ್ರಾರ್ಥನಾಮಂದಿರ) ಎಲ್ಲಕ್ಕೂ ಬೀಗ. ಮಂಗಳವಾರದಿಂದ ಶನಿವಾರದ ನಡುವೆ ಹೊಂದಿಸಿಕೊಳ್ಳಿ.

ಹೊರಡುವ ದಿನ ಮೆಸ್ಕೀಟಾದ ಕಿತ್ತಳೆ ಅಂಗಳದಲ್ಲಿ ಕೂತಿದ್ದೆವು. ಅಲ್ಲಿಗೆ ಟಿಕೆಟ್ ಬೇಡ. ಕಿತ್ತಳೆಗೆ ಅವರು ನರಾನ್ಹಾ ಅನ್ನುತ್ತಾರೆ, ನಮ್ಮ ನಾರಂಗಿಯ ನೆಂಟ. ಕಾಯಿ ಇನ್ನೂ ಹಸಿರು, ಹಣ್ಣಾದರೂ ಕಹಿಯೇ. ಅಮ್ಮ ಉದುರಿದ್ದ ಒಂದು ಎಲೆ ಹಿಸುಕಿ ಮೂಸಿ, ‘ಹೇರಳೆಕಾಯಿ ಜಾತಿ’ ಅಂದರು. ಗೊಜ್ಜಿಗೆ ಎಷ್ಟು ಬೆಲ್ಲ ಬೇಕಾಗಬಹುದೆಂದು ಸ್ಟೇಷನ್ ಮುಟ್ಟುವವರೆಗೂ ಅಪ್ಪನ ಜೊತೆ ಚರ್ಚೆ ನಡೆದೇ ಇತ್ತು.